ಕಾಂಚನಕಾಕುವಿನ ತಿಥಿಪಟ್ಟಿ

ಬೆಳಗಿನ ಚಹಾ ಮುಗಿಸಿ ಕಾಂಚನಕಾಕು ಕಂಪ್ಯೂಟರ್ ಮುಂದೆ ಕುಳಿತರು. ಪರದೆಯ ಮೂಲೆಯಲ್ಲಿ ಮತ್ತೆ ಅದೇ ಚೌಕ: ಅಪ್‌ಡೇಟ್ ಬಂದಿದೆ, ಈಗಲೇ ಮಾಡಲೇ? ಅವರು 'ಆಮೇಲೆ' ಒತ್ತಿದರು. ದಿನಕ್ಕೆ ನಾಲ್ಕು ಸಲ ಅವರನ್ನು ಏನಾದರೂ ಕೇಳುತ್ತಿದ್ದದ್ದು ಆ ಪೆಟ್ಟಿಗೆಯೊಂದೇ.

ಸಾಂಗ್ಲಿಯ ಅರಿಷಿಣ ಪೇಟೆಯ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಮದುವೆಯಾಗಲಿಲ್ಲ, ಆದರೂ ಎಲ್ಲರಿಗೂ ಕಾಕು, ಚಿಕ್ಕಮ್ಮ. ಈಗ ಎರಡನೇ ಮಹಡಿಯಲ್ಲಿ ಎರಡು ಬಾಡಿಗೆ ಕೋಣೆ, ಹದಿನಾಲ್ಕು ವರ್ಷದ ಕಂಪ್ಯೂಟರ್, ಅದರೊಳಗೊಂದು ಪಟ್ಟಿ. ಸಾಂಗ್ಲಿ, ಮಿರಜ ಸುತ್ತಲಿನ ಇನ್ನೂರು ಕನ್ನಡ ಮನೆಗಳಲ್ಲಿ ತೀರಿಹೋದವರ ಹೆಸರು ಮತ್ತು ತಿಥಿ. ತಿಥಿ ವರ್ಷವರ್ಷ ಬೇರೆ ತಾರೀಕಿಗೆ ಬೀಳುತ್ತದೆ. ಕಾಕು ಪಂಚಾಂಗ ನೋಡಿ ಹಿಂದಿನ ದಿನವೇ ಫೋನ್ ಮಾಡುತ್ತಿದ್ದರು: "ನಾಳೆ ನಿಮ್ಮ ಅವ್ವನವರ ಪುಣ್ಯತಿಥಿರಿ. ಜಂಗಮರಿಗೆ ಊಟಕ್ಕ ಹೇಳಿಬಿಡ್ರಿ."

ಮಹಾಪೂರ ಬಂದು ಊರು ಮುಳುಗಿದ ವರ್ಷ ಮನೆಮನೆಯ ಹಳೆಯ ವಹಿಗಳು ನೀರಲ್ಲಿ ನೆನೆದು ಮುದ್ದೆಯಾದವು. ಮೇಲಿನ ಮಹಡಿಯಲ್ಲಿದ್ದ ಕಾಕುವಿನ ಪಟ್ಟಿ ಉಳಿಯಿತು. ಅಂದಿನಿಂದ ಜನ ಬರೆದಿಡುವುದನ್ನೇ ಬಿಟ್ಟರು. ಹೇಗೂ ಫೋನ್ ಬರುತ್ತದಲ್ಲ. ಕಾಕುವಿಗೂ ಅದು ದಿನದ ಮಾತು. ಎರಡು ನಿಮಿಷ, ಒಮ್ಮೊಮ್ಮೆ ಐದು.

ಆಷಾಢದ ಒಂದು ದಿನ 'ಆಮೇಲೆ' ಎಂಬುದನ್ನು ಕಂಪ್ಯೂಟರ್ ಕೇಳಲಿಲ್ಲ. ತಾನೇ ಅಪ್‌ಡೇಟ್ ಮಾಡಿಕೊಂಡು, ಅರ್ಧಕ್ಕೆ ನಿಂತು, ಮತ್ತೆ ಏಳಲೇ ಇಲ್ಲ. ಮಿರಜದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕಿಶೋರ ಬಂದು ಹೊತ್ತೊಯ್ದ. ಪರಿಚಯದ ಮನೆಯ ಹುಡುಗ. ಮೂರನೇ ದಿನ ತಂದು ಜೋಡಿಸಿದ.

"ಈಗ ನೋಡ್ರಿ ಕಾಕು, ಹೆಂಗ ಓಡ್ತದ. ಎಲ್ಲಾ ಫಾರ್ಮ್ಯಾಟ್ ಮಾಡಿ ಹೊಸಾದು ಹಾಕೇನಿ."

"ಪಟ್ಟಿ ಎಲ್ಲಿ ಅದ?"

"ಫೋಟೋ ಎಲ್ಲಾ ತಗದಿಟ್ಟೇನಿ. ಉಳದದ್ದು ಒಂದು ಫೈಲ್ ಕೆಟ್ಟಿತ್ತು. ಪೂರಾ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ, ತಲಿಬುಡ ಇರಲಿಲ್ಲ. ಕಚರಾ ಅಂತ ಬಿಟ್ಟೆ."

ಕಾಕು ಕುರ್ಚಿಯ ಕೈ ಹಿಡಿದುಕೊಂಡರು. ಹಳೆಯ ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವರ ಪಟ್ಟಿ ಹಾಗೆಯೇ ಕಾಣುತ್ತಿತ್ತು.

"ಅದು ಕನ್ನಡ ಇತ್ತೋ."

"ನನಗ ಓದಾಕ ಎಲ್ಲಿ ಬರ್ತದ ಕಾಕು? ಮರಾಠಿ ಸಾಲಿ ನಂದು."

"ಬರಂಗಿಲ್ಲಂದ್ರ ಕೇಳಬೇಕಿಲ್ಲೋ?"

ಕಿಶೋರನಿಗೂ ತನ್ನ ನ್ಯಾಯವಿತ್ತು. "ದಿನಾ ಹತ್ತು ಮಷೀನ್ ಬರ್ತಾವ್ರಿ. ಒಬ್ಬೊಬ್ಬರನ್ನ ಕೇಳಕೋತ ಕುಂತ್ರ ಅಂಗಡಿ ನಡೀತದೇನು? ಅಪ್‌ಡೇಟ್ ಮಾಡದ ಇಟ್ರ ಒಂದಿನ ವೈರಸ್ ಬಂದು ಎಲ್ಲಾ ತಿಂತಿತ್ತು. ಮತ್ತ ತಿಥಿ ಏನು, ಎಲ್ಲಾ ಮೊಬೈಲ್‌ನ್ಯಾಗ ಸಿಗ್ತಾವ."

"ನಿಮ್ಮಪ್ಪ ಸತ್ತದ್ದೂ ಸಿಗ್ತದೇನು?" ಕಾಕು ಮೆಲ್ಲಗೆ ಕೇಳಿದರು. ಅವನು ನಕ್ಕು ಹೊರಟುಹೋದ.

ನೆನಪಿದ್ದ ಹತ್ತೆಂಟು ತಿಥಿಗಳನ್ನು ಕಾಕು ಹಾಳೆಯ ಮೇಲೆ ಬರೆದರು. ಪಂಚಮಿಯೋ ಷಷ್ಠಿಯೋ ಎಂಬ ಸಂಶಯ ಬಂತು. ತಪ್ಪು ದಿನ ಹೇಳುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಹರಿದುಹಾಕಿದರು. ಶ್ರಾವಣ ಬಂತು. ಫೋನ್ ಮೇಜಿನ ಮೇಲೇ ಇತ್ತು. ಯಾಕೆ ಮಾಡಲಿಲ್ಲವೆಂದು ಕೇಳಲಿಕ್ಕಾದರೂ ಯಾರೂ ಮಾಡಲಿಲ್ಲ. ಕೆಲವು ದಿನ ಹಾಲಿನವನಿಗೆ "ಅರ್ಧ ಲೀಟರ್" ಅಂದದ್ದೇ ಬಾಯಿಂದ ಬಂದ ಮಾತು.

ಭಾದ್ರಪದದಲ್ಲಿ ಕಿಶೋರನ ಸೋದರತ್ತೆ ಪದ್ಮವ್ವ ಸಲಗರೆಯಿಂದ ಬಂದಳು. ಊಟಕ್ಕೆ ಕೂತಾಗ ಅವನ ತಾಯಿ ಛಾಯಾಳನ್ನು ಕೇಳಿದಳು: "ಅಣ್ಣನ ತಿಥಿಗೆ ಎಡಿ ಹಿಡದ್ರ್ಯಾ?"

"ಯಾವಾಗ ಅದ? ಕಾಂಚನಕಾಕು ಇನ್ನೂ ಫೋನ್ ಮಾಡಿಲ್ಲ."

"ಹೋದ ಸೋಮವಾರನ ಆತಲ್ಲವ್ವಾ. ನಾ ಒಪ್ಪತ್ತು ಇದ್ದೆ."

ಛಾಯಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಒಂಬತ್ತು ವರ್ಷ ಒಮ್ಮಿಯೂ ತಪ್ಪಿದ್ದಿಲ್ಲ. ಮುದುಕಿಗೆ ಏನಾತೋ."

ಕಿಶೋರ ತುತ್ತು ಹಿಡಿದವನು ಹಿಡಿದಂತೆಯೇ ಇದ್ದ. "ಅವ್ರಿಗೇನೂ ಆಗಿಲ್ಲವ್ವಾ," ಎಂದ. "ಪಟ್ಟಿ ನಾನ ಅಳಿಸೇನಿ."

ಮರುದಿನ ಅವನು ಕಾಕುವಿನ ಮೆಟ್ಟಿಲು ಹತ್ತಿದ. ಕಾಕು ನೀರು ಕೊಟ್ಟರು.

"ಅದು ತಿರುಗಿ ಬರಂಗಿಲ್ಲ ಕಾಕು. ಹೊಸಾದು ಮಾಡೋಣು."

"ಹೆಂಗ? ಫೋನ್ ಹಚ್ಚಿ, ನಿಮ್ಮನ್ಯಾಗ ಯಾರ್‍ಯಾರು ಸತ್ತಾರ್ರಿ ಅಂತ ಕೇಳಲ್ಯಾ?"

"ಮನಿಮನಿಗಿ ಹೋಗೂಣು. ರವಿವಾರ ಅಂಗಡಿ ಬಂದ್ ಇರ್ತದ. ಸ್ಕೂಟರ್ ಮ್ಯಾಲೆ ಕುಂದ್ರತೀರಿಲ್ಲೋ?"

ಮೊದಲ ರವಿವಾರ ಖಂಡೇರಾಜುರಿ ಎಂಬ ಹಳ್ಳಿಗೆ ಹೋದರು. ಪಟ್ಟಿಯಲ್ಲಿದ್ದ ಮನೆಗಳಲ್ಲೊಂದಾದ ತುಳಸಾಬಾಯಿಯ ಮನೆಯ ಬಾಗಿಲಲ್ಲಿ ಕಾಕು ಅಳುಕುತ್ತ ನಿಂತರು. ಹದಿನಾಲ್ಕು ವರ್ಷ ಫೋನಿನಲ್ಲಿ ಮಾತಾಡಿದ್ದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

"ಯಾರವ್ವಾ?"

"ನಾ ಸಾಂಗ್ಲಿಯಿಂದ ಬಂದೇನ್ರಿ."

"ಅಯ್ಯ, ತಿಥಿ ಹೇಳೋ ಬಾಯಾರು!" ತುಳಸಾಬಾಯಿ ದನಿಯನ್ನೇ ಗುರುತು ಹಿಡಿದಳು. "ದನಿ ಕೇಳಿ ದಪ್ಪಗ ಇರ್ತೀರಿ ಅನಕೊಂಡಿದ್ದೆ. ಬರ್ರಿ, ಕುಂದ್ರಿ."

ಕಿಶೋರ ಹೊಸ ವಹಿ ತೆರೆದ. ಅವನಿಗೆ ಕನ್ನಡ ಬರೆಯಲು ಬಾರದು, ಮರಾಠಿಯಲ್ಲೇ ಬರೆಯುವವನು. "ಹೇಳ್ರಿ ಆಯಿ, ಸಾವಕಾಶ," ಎಂದ.

ತುಳಸಾಬಾಯಿ ಗಂಡನ ಹೆಸರು ಹೇಳಲು ಹೋದವಳು ನಿಂತು, ಕಾಕುವಿನ ಕಡೆ ತಿರುಗಿದಳು.

"ನಿಮ್ಮವ್ವನ ತಿಥಿ ಯಾವಾಗ್ರಿ?"

ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಮಾರ್ಗಶಿರ ಬಹುಳ ಪಂಚಮಿರಿ," ಎಂದರು.

ಕಿಶೋರ ಅದನ್ನು ಮೊದಲನೆಯ ಸಾಲಿನಲ್ಲಿ ಬರೆದ. ತುಳಸಾಬಾಯಿ ಗೋಡೆಯ ಕಡೆ ಕೈ ತೋರಿಸಿದಳು.

"ಹಂಗ ಆ ಕ್ಯಾಲೆಂಡರಿನ ಮ್ಯಾಲೂ ಬರದು ಹೋಗಪಾ. ಈ ಸಲ ಬಾಯಾರಿಗೆ ನಾ ಫೋನ್ ಮಾಡ್ತೇನಿ."