ಬೊಡ್ಡೆಗೆ ಎರೆದ ನೀರು

ನನ್ನ ಗಂಡ ಖಿಯೆಮ್ ಹೋದದ್ದು ಹೊಸ ವರ್ಷದ ತೆತ್ ಹಬ್ಬಕ್ಕೆ ಇನ್ನೂ ತಿಂಗಳ ಮೇಲಿರುವಾಗ. ನಮ್ಮೂರು ಸಾ ದೆಕ್‌ನಲ್ಲಿ ಹೂಕುಂಡ ಬೆಳೆದು ಮಾರುವವರ ಮನೆಯಲ್ಲಿ ಯಾರೂ ಸಾಯಬಾರದ ಹೊತ್ತು ಅಂತ ಒಂದಿದ್ದರೆ ಅದು ಅದೇ. ಹೊಸ ವರ್ಷಕ್ಕೆ ಅರಳಬೇಕಾದ ಗಿಡಗಳ ಎಲೆ ಕೀಳಬೇಕು, ನೀರು ಕಡಿಮೆ ಮಾಡಬೇಕು, ಮೊಗ್ಗು ಕಚ್ಚುವ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಅವರು ಅಂಗಳದಲ್ಲಿ ಕೂತು ಮರಳುಗಾಡಿನ ಹೂಗಿಡವಾದ ಒಂದು ಅಡೇನಿಯಂನ ಎಲೆಗಳನ್ನು ಚಿವುಟುತ್ತಿದ್ದರು. ಕಾಲು ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಇದೊಂದು ಮುಗಿಸಿಬಿಡುತ್ತೇನೆ ಅಂದರು.

ಆ ಗಿಡ ಅವರೇ ಹುಟ್ಟಿಸಿದ್ದು. ಯಾವುದೋ ಎರಡು ಗಿಡಗಳ ಪರಾಗವನ್ನು ಕುಂಚದಲ್ಲಿ ಕೂಡಿಸಿ, ಕಾಯಿ ಒಡೆದು ಬೀಜ ಹಾರದಂತೆ ದಾರ ಕಟ್ಟಿ, ಮೊಳಕೆ ಬರಿಸಿದ್ದು. ಆಗಾಗ ಕುಂಡದಿಂದ ಕಿತ್ತು, ಬೇರನ್ನು ಸ್ವಲ್ಪ ಸ್ವಲ್ಪವೇ ಮಣ್ಣಿನ ಮೇಲೆ ಎತ್ತಿ ಕೂರಿಸಿ, ಕೊನೆಗೆ ಬೊಡ್ಡೆ ಹೇಗಾಗಿತ್ತೆಂದರೆ ಹಬ್ಬದೂಟ ಮುಗಿಸಿ ಕಾಲು ಮಡಚಿ ಕೂತ ಯಜಮಾನನ ಹಾಗೆ. ಮೊಗ್ಗು ಕಂಡರೆ ಸಾಸಿವೆಯಷ್ಟಿರುವಾಗಲೇ ಚಿವುಟಿ ಹಾಕುತ್ತಿದ್ದರು. ಮೊದಲು ಮೈ ಕಟ್ಟಲಿ, ಹೂವು ಆಮೇಲೆ ಅನ್ನುವುದು ಅವರ ವಾದ. ಹಾಗಾಗಿ ಅದರ ಹೂವಿನ ಬಣ್ಣ ಹುಟ್ಟಿಸಿದವರಿಗೇ ಗೊತ್ತಿರಲಿಲ್ಲ. ನನ್ನನ್ನು ಒಂದು ದಿನವೂ ಅಷ್ಟು ಹೊತ್ತು ನೋಡಿದವರಲ್ಲ, ಅದನ್ನು ಮಾತ್ರ ಕೂತು ನೋಡುತ್ತಿದ್ದರು. ಈ ತೆತ್‌ಗೆ ಅರಳಲು ಬಿಡುತ್ತೇನೆ ಅಂದಿದ್ದರು. ಅವರು ಹೋದ ಮೇಲೆ ನನಗೆ ಬೇರೇನೂ ಬೇಕಿರಲಿಲ್ಲ. ಅವರು ಅಷ್ಟು ವರ್ಷ ಕಾದ ಆ ಬಣ್ಣ ಯಾವುದು ಅಂತ ಒಮ್ಮೆ ನೋಡಬೇಕಿತ್ತು.

ಅತ್ತೆ ಇನ್ನೂ ಬದುಕಿದ್ದರು. ಹೆತ್ತವಳಿಗಿಂತ ಮೊದಲು ಹೋದ ಮಗನ ತಲೆಗೇ ಸೂತಕದ ಬಿಳಿ ಪಟ್ಟಿ ಕಟ್ಟಿ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ನಾಳೆ ತಾಯಿ ಸತ್ತಾಗ ಅದನ್ನು ಕಟ್ಟಿಕೊಳ್ಳಲು ಅವನಿರುವುದಿಲ್ಲವಲ್ಲ ಅಂತ. ತಾಯಿ ಮಾತ್ರ ಬಿಳಿ ಉಡುವ ಹಾಗಿಲ್ಲ, ಮಣ್ಣಿಗೂ ಹೋಗುವ ಹಾಗಿಲ್ಲ. ಅದಕ್ಕೇ ನಾವೆಲ್ಲ ಪೆಟ್ಟಿಗೆ ಹೊತ್ತು ಹೊರಟಾಗ ಅತ್ತೆ ಒಬ್ಬರೇ ಮನೆಯಲ್ಲಿ ಉಳಿದರು. ಯಜಮಾನ ಹೋದ ಸುದ್ದಿ ಗಿಡಗಳಿಗೂ ತಿಳಿಸಬೇಕು, ಇಲ್ಲದಿದ್ದರೆ ಕೊರಗಿ ಒಣಗುತ್ತವೆ ಅನ್ನುತ್ತಾರೆ. ನಾವು ಹಿಂತಿರುಗುವಷ್ಟರಲ್ಲಿ ಅತ್ತೆ ಬಿಳಿ ಬಟ್ಟೆ ಸೀಳಿ ಕುಂಡಕ್ಕೊಂದರಂತೆ ಕಟ್ಟಿ ಮುಗಿಸಿದ್ದರು. ಅಂಗಳ ಒದ್ದೆಯಾಗಿತ್ತು. ಆಗ ಅದು ನನ್ನ ತಲೆಗೇ ಹೋಗಲಿಲ್ಲ.

ಆಮೇಲೆ ಬಂದು ಹೋಗುವವರು, ಪಟದ ಮುಂದೆ ಎಡೆ, ಏಳನೆಯ ದಿನದ ಪೂಜೆ. ಅದೆಲ್ಲ ಒಂದು ಹದಕ್ಕೆ ಬಂದ ಮೇಲೆ ಕುಂಡದ ಹತ್ತಿರ ಹೋಗಿ ಕೂತೆ. ಬೋಳು ಕೊಂಬೆಗಳ ತುದಿಯಲ್ಲಿ ಮೊಗ್ಗು ಕಚ್ಚಿತ್ತು. ಖುಷಿಗೆ ಕಣ್ಣು ತುಂಬಿತು. ಅವರು ಮಾಡುತ್ತಿದ್ದಂತೆ ಹೆಬ್ಬೆರಳಿನಿಂದ ಬೊಡ್ಡೆಯನ್ನು ಒತ್ತಿದೆ. ಕಲ್ಲಿನಂತಿರಬೇಕಾದದ್ದು ಹಣ್ಣಾದ ಪಪ್ಪಾಯಿಯಂತೆ ಒಳಗೆ ಹೋಯಿತು. ಮಣ್ಣು ತೊಯ್ದು ತೊಪ್ಪೆಯಾಗಿತ್ತು.

ಪಕ್ಕದ ತೋಟದ ತಾಮ್‌ನನ್ನು ಕರೆದೆ. ನನ್ನ ಗಂಡನ ಜೊತೆಗಾರ, ಕೈ ಒಳ್ಳೆಯದು, ನಾಲಿಗೆಗೆ ಮಾತ್ರ ಮೂಳೆಯಿಲ್ಲ. ನೋಡಿದವನೇ ತಲೆ ಕೊಡವಿದ.

"ಇವತ್ತೇ ಕಿತ್ತು ಕೊಳೆತದ್ದನ್ನೆಲ್ಲ ಕೊಯ್ದು ನೆರಳಲ್ಲಿ ಒಣಗಿಸ್ಬೇಕು ಅತ್ತಿಗೆ. ಮೊಗ್ಗು ಉದುರಿ ಹೋಗುತ್ತೆ, ಗಿಡ ಉಳಿಯುತ್ತೆ. ಹೂವು ಬರೋ ವರ್ಷ ನೋಡ್ಕೊಳ್ಳಿ," ಅಂದ. ಯಾರ ಕೆಲಸ ಅಂತ ಕೇಳಬೇಕಾಗಿರಲಿಲ್ಲ. ನಿಮ್ಮತ್ತೆ ಭತ್ತದ ಸೀಮೆಯಿಂದ ಬಂದವರು, ಕಂಡದ್ದಕ್ಕೆಲ್ಲ ನೀರು ಬಿಡುತ್ತಾರೆ, ಮುದುಕಿಗೆ ಒಂದು ಮಾತು ಹೇಳಿಯೇ ಹೋಗುತ್ತೇನೆ ಅಂತ ಗೊಣಗಿದ. ಹೇಳುವುದನ್ನು ನಾನೇ ಹೇಳುತ್ತೇನೆ ಅಂತ ಅವನನ್ನು ಮನೆಗೆ ಅಟ್ಟಿದೆ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಾಕು ಮಸೆದು ತಂದೆ. ಹೊರಗೆ ಬಂದರೆ ಅತ್ತೆ ಚೊಂಬು ಹಿಡಿದು ಬರುತ್ತಿದ್ದಾರೆ, ತುಳುಕದ ಹಾಗೆ ಹೆಜ್ಜೆ ಊರಿಕೊಂಡು. ನಾನು ಕುಂಡಕ್ಕೆ ಅಡ್ಡ ನಿಂತೆ.

"ಅಮ್ಮಾ, ಇದಕ್ಕೆ ನೀರು ಹಾಕಿ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳ್ಲಿಲ್ಲ ಮಗಾ," ಅಂದರು. ಚೊಂಬನ್ನು ಕಟ್ಟೆಯ ಮೇಲಿಟ್ಟು ಕೈಗಳನ್ನು ಅಂಗಿಗೆ ಒರೆಸಿಕೊಂಡರು. "ಅವತ್ತು ಆಸ್ಪತ್ರೇಲಿ ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ಅಮ್ಮ, ಒಂದು ಗುಟುಕು ನೀರು ಕೊಡು ಅಂದ. ಕೊಡ್ಲೇಬೇಡಿ ಅಂತ ನರ್ಸಮ್ಮ ಹೇಳಿದ್ಲಲ್ಲ. ಲೋಟ ಅವನ ಕಣ್ಣಿಗೆ ಬೀಳ್ದಿರ್ಲಿ ಅಂತ ಮಂಚದ ಕೆಳಗಿಟ್ಟೆ. ಮತ್ತೆ ಕೇಳ್ದ. ನಾನು ಗೋಡೆ ಕಡೆ ತಿರುಗ್ಕೊಂಡೆ. ಆಮೇಲೆ ಕೇಳ್ಲೇ ಇಲ್ಲ."

ಅವರು ಬೋಳು ಕೊಂಬೆಗೆ ಕಟ್ಟಿದ್ದ ಬಟ್ಟೆಯನ್ನು ಸರಿ ಮಾಡಿದರು.

"ಇದೂ ಅವನ ಹಾಗೇ ಬಾಯಿ ಒಣಗಿಸ್ಕೊಂಡು ನಿಂತಿತ್ತು. ಅವನು ಸಾಕಿದ್ದು. ಇದಕ್ಕಾದ್ರೂ ಕೊಡೋಣ ಅಂತ."

ನರ್ಸಮ್ಮನ ಮಾತಿಗೆ ನಾನೂ ಹೂಂ ಅಂದವಳೇ. ಆದರೆ ನನ್ನ ಗಂಡ ನೀರು ಕೇಳಿದ್ದು ನನ್ನನ್ನಲ್ಲ, ತಾಯಿಯನ್ನು. ಚಾಕು ನನ್ನ ಕೈಯಲ್ಲೇ ಇತ್ತು. ಕೊಯ್ದರೆ ಯಾಕೆ ಅಂತ ಅತ್ತೆ ಕೇಳುತ್ತಾರೆ, ಕೊಳೆತದ್ದನ್ನು ಕಾಣುತ್ತಾರೆ, ನೀರಿನಿಂದ ಆದದ್ದು ಅಂತ ಇವತ್ತಲ್ಲ ನಾಳೆ ತಿಳಿಯುತ್ತದೆ. ನೀರು ಕೊಡದೆ ಮಗನನ್ನು ಕಳೆದುಕೊಂಡೆ ಅಂತ ಬೇಯುತ್ತಿರುವವರಿಗೆ, ನೀರು ಕೊಟ್ಟು ಅವನ ಗಿಡವನ್ನೂ ಕೊಂದೆ ಅಂತ ಗೊತ್ತಾಗಬೇಕೇ? ನನಗೆ ಆ ಹೂವು ಬೇಕಿತ್ತು. ಇವತ್ತಿಗೂ ಬೇಕು. ಆದರೂ ಪಕ್ಕಕ್ಕೆ ಸರಿದೆ.

"ಹಾಕಿ ಅಮ್ಮ. ನಿಧಾನಕ್ಕೆ ಹಾಕಿ," ಅಂದೆ.

ತಾಮ್‌ನಿಗೆ ತಲೆ ಕೆಟ್ಟುಹೋಯಿತು. ನಿಮಗೇನಾದರೂ ದೆವ್ವ ಹಿಡಿದಿದೆಯೇ ಅಂತ ಕೇಳಿದ. ಅತ್ತೆಯ ಮುಂದೆ ತುಟಿ ಬಿಚ್ಚಿದರೆ ಮತ್ತೆ ನಮ್ಮ ಅಂಗಳ ತುಳಿಯಬೇಡ ಅಂದೆ. ಕೊನೆಗೆ ಯಾರಿಗೂ ಕಾಣದಂತೆ ಒಂದೆರಡು ಕೊಂಬೆ ಕತ್ತರಿಸಿಕೊಂಡು ಹೋಗಿ ತನ್ನ ಗಿಡಗಳಿಗೆ ಕಸಿ ಕಟ್ಟಿ ನೋಡಿದ. ಕೊಳೆ ಆಗಲೇ ಕೊಂಬೆಗೂ ಹತ್ತಿತ್ತು. ಎರಡೂ ಕಪ್ಪಾದವು. ಅದನ್ನು ಹೇಳಲು ಬಂದಾಗ ಅವನ ನಾಲಿಗೆಯೂ ತಡವರಿಸಿತು.

ಸೂತಕದ ಮನೆಗೆ ತೆತ್‌ನಲ್ಲಿ ಯಾರೂ ಬರುವುದಿಲ್ಲ. ಹಬ್ಬದ ಬೆಳಿಗ್ಗೆ ಪಟದ ಮುಂದೆ ಎಳನೀರಲ್ಲಿ ಬೇಯಿಸಿದ ಮಾಂಸ, ಮೊಟ್ಟೆ ಇಟ್ಟು ಹೊರಗೆ ಬಂದೆ. ಬೊಡ್ಡೆ ಒಂದು ಕಡೆಗೆ ಕುಸಿದಿತ್ತು. ಮೊಗ್ಗುಗಳೆಲ್ಲ ಕುಂಡದ ಸುತ್ತ ಉದುರಿದ್ದವು. ಒಂದನ್ನು ಹೆಕ್ಕಿ ಉಗುರಿನಿಂದ ಬಿಡಿಸಿದೆ. ಒಳಗೆ ಇನ್ನೂ ಬಣ್ಣ ಕೂತಿರಲಿಲ್ಲ, ಬರೀ ಹಸಿರು. ಅಲ್ಲೇ ಕುಕ್ಕರಿಸಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಅಳತೊಡಗಿದೆ.

ಅತ್ತೆ ಬಂದು ನನ್ನ ಪಕ್ಕದಲ್ಲಿ ಕೂತು ಮೊಗ್ಗುಗಳನ್ನು ಅಂಗೈಗೆ ಆರಿಸಿಕೊಳ್ಳತೊಡಗಿದರು.

"ಸಾಕಾಗ್ಲಿಲ್ಲ ಕಣೇ," ಅಂದರು. "ಇನ್ನೊಂದು ಚೊಂಬು ಹಾಕ್ಬೇಕಿತ್ತು ನಾನು."

"ಸಾಕಾಗಿತ್ತು ಅಮ್ಮ," ಅಂದೆ. "ಹೊಟ್ಟೆ ತುಂಬ ಕುಡಿದೇ ಹೋಯ್ತು."