ಪೆನ್ಸಿಲ್ ತೂರದ ಕೋವಿ

ಹೊಸದಾಗಿ ಒಂದು ಸಣ್ಣ ಕೋವಿ ಕೊಂಡರೆ ಆರುನೂರ ಐವತ್ತು ಡಾಲರ್. ಅದರ ಮೇಲೆ ಕೂರಿಸುವ ದುರ್ಬೀನಿಗೆ ಇನ್ನೂರು. ಇಪ್ಪತ್ತು ತೋಟೆಗಳ ಡಬ್ಬಿಗೆ ಮೂವತ್ತೆರಡು. ಜುಲೈಯಲ್ಲಿ ಭುಜ ಕೊಯ್ಸಿಕೊಂಡದ್ದಕ್ಕೆ ವಿಮೆಯವರು ಕೊಟ್ಟದ್ದು ಬಿಟ್ಟು ಕೈಯಿಂದ ಹೋದದ್ದು ಎರಡು ಸಾವಿರದ ನಾನೂರು. ವೆಸ್ಲಿ ಹೌಟಲಾ ಕಾಫಿ ಲೋಟದ ಮುಂದೆ ಕೂತು ಇದನ್ನೆಲ್ಲ ಬಾಯಲ್ಲೇ ಎರಡು ಸಲ ಕೂಡಿಸಿದ. ಎಪ್ಪತ್ತೆರಡು ವಯಸ್ಸಾದವನು ಇನ್ನೆಷ್ಟು ನವೆಂಬರ್ ಕಾಡಿಗೆ ಹೋಗುತ್ತಾನೆಂದು ಇಷ್ಟು ಹಣ ಸುರಿಯಬೇಕು? ತಂಗಿ ಐಲಾಳ ಮನೆಯಲ್ಲಿ ಅವಳ ತೀರಿಹೋದ ಗಂಡ ಲಿರಾಯ್‌ನ ಸಣ್ಣ ಕೋವಿ ಬೀರುವಿನಲ್ಲಿ ಸುಮ್ಮನೆ ಒರಗಿ ನಿಂತಿದೆ. ಅದಕ್ಕೆ ಬೆಲೆಯಿಲ್ಲ, ಬಾಯಿಬಿಟ್ಟು ಕೇಳಿದರೆ ಸಾಕು.

ಕೇಳುವುದೇ ಕಷ್ಟವಾಗಿತ್ತು. ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ನವೆಂಬರ್ ಹದಿನೈದು ಎಂದರೆ ಜಿಂಕೆ ಬೇಟೆಯ ಮೊದಲ ದಿನ, ಶಾಲೆಗೂ ರಜೆ. ಅಂದು ಕಾಡಿಗೆ ಹೋಗದ ಗಂಡಸು ಒಂದೋ ಆಸ್ಪತ್ರೆಯಲ್ಲಿರಬೇಕು, ಇಲ್ಲ ಮಣ್ಣಿನಡಿ ಇರಬೇಕು. ವೆಸ್ಲಿ ಹದಿನಾಲ್ಕನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವನಲ್ಲ. ಆದರೆ ಡಾಕ್ಟರು ಖಂಡಿತವಾಗಿ ಹೇಳಿದ್ದರು: ದೊಡ್ಡ ಕೋವಿ ಒಂದು ಸಲ ಒದ್ದರೆ ಸಾಕು, ಹೊಲಿದದ್ದೆಲ್ಲ ಕಿತ್ತು ಬರುತ್ತದೆ. ಸಣ್ಣ ಕೋವಿಯಾದರೆ ಪರವಾಗಿಲ್ಲ.

ಸಣ್ಣ ಕೋವಿಯನ್ನು ಕ್ಯಾಂಪಿಗೆ ತರಬಾರದೆಂದು ಕಾಯಿದೆ ಮಾಡಿದವನು ವೆಸ್ಲಿಯೇ. ಅವರ ಕ್ಯಾಂಪೆಂದರೆ ಜೌಗಿನ ಅಂಚಿನಲ್ಲಿ ಅಪ್ಪ ಕಟ್ಟಿದ ಮರದ ಗುಡಿಸಲು, ಪಕ್ಕದಲ್ಲೊಂದು ಸೌನಾ ಎಂಬ ಹಬೆಯ ಸ್ನಾನದ ಕೋಣೆ. ಒಳಗೆ ಒಲೆಯ ಮೇಲ್ಗಡೆ ಒಂದು ಹಲಗೆ. ಅದರ ಮೇಲೆ ವೆಸ್ಲಿಯದೇ ಕೈಬರಹ: ‘ಪೆನ್ಸಿಲ್ ತೂರದ ಕೋವಿ ಈ ಬಾಗಿಲು ದಾಟಬಾರದು.’ ಪಕ್ಕದಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ ಹಳದಿ ಪೆನ್ಸಿಲ್. ಜಿಂಕೆ ಹೊಡೆಯುವ ದೊಡ್ಡ ಕೋವಿಯ ನಳಿಗೆಯೊಳಗೆ ಅದು ಸಲೀಸಾಗಿ ಇಳಿಯುತ್ತದೆ, ಸಣ್ಣದರ ಬಾಯಲ್ಲೇ ನಿಂತುಬಿಡುತ್ತದೆ. ಇಪ್ಪತ್ತಮೂರು ವರ್ಷದಿಂದ ಆ ಪೆನ್ಸಿಲ್ ಅಲ್ಲೇ ಇದೆ.

ವೆಸ್ಲಿ ಅವಳ ಮನೆಗೆ ಹೋಗಿ ಕೂತಾಗ ಐಲಾ ಏಲಕ್ಕಿ ಹಾಕಿದ ಬ್ರೆಡ್ಡು ಕೊಯ್ದು ಮುಂದಿಟ್ಟಳು. ಅಣ್ಣ ಬಂದ ಕೆಲಸ ಹೇಳಿದ.

“ಲಿರಾಯ್‌ದು ಅದು ನರಿ ಹೊಡಿಯೋ ಕೋವಿ ಅಂತಿದ್ದೆ ನೀನು,” ಅಂದಳು.

“ಅಂದಿದ್ದೆ.”

“ಜಿಂಕೆಗೆ ಅದ್ರಲ್ಲಿ ಹೊಡಿಯೋದೂ ಒಂದೇ, ಕಲ್ಲು ಬೀಸೋದೂ ಒಂದೇ ಅಂತಿದ್ದೆ.”

“ಅದನ್ನೂ ಅಂದಿದ್ದೆ ಕಣೆ. ಎಲ್ಲಾ ನೆನಪಿಟ್ಕೊಂಡಿದೀಯ.”

“ನಂಗೆ ಬೇರೆ ಏನ್ ಕೆಲ್ಸ ಇದೆ,” ಎಂದು ಐಲಾ ಎದ್ದು ಒಳಗೆ ಹೋದಳು. ದಪ್ಪ ಬಟ್ಟೆಯ ಚೀಲದಲ್ಲಿದ್ದ ಕೋವಿ ತಂದು ಮೇಜಿನ ಮೇಲೆ, ಬೆಣ್ಣೆಯ ಪಕ್ಕದಲ್ಲಿ ಮಲಗಿಸಿದಳು. “ತಗೊಂಡ್ಹೋಗು. ನಾಲ್ಕು ವರ್ಷದಿಂದ ಎಣ್ಣೆ ಹಾಕಿಲ್ಲ. ಅವ್ನಿದ್ದಾಗ ಪ್ರತಿ ಭಾನುವಾರ ಒರಸ್ತಿದ್ದ. ಯಾರಿಗೂ ತೋರಿಸೋ ಹಾಗಿಲ್ಲದಿದ್ರೂ ಒರಸ್ತಿದ್ದ.”

ಚೀಲದ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಕಿತು. ವೆಸ್ಲಿ ತೆಗೆದು ನೋಡಿದ. ಹಳೆಯ ತೋಟೆ ಡಬ್ಬಿ. ಮುಚ್ಚಳದ ಮೇಲೆ ಓಡುವ ನರಿಯ ಚಿತ್ರ, ಅಂಗಡಿಯ ಬೆಲೆ ಚೀಟಿ: ಎಂಟು ಡಾಲರ್. ಇಪ್ಪತ್ತರಲ್ಲಿ ಹತ್ತೊಂಬತ್ತು ಹಾಗೇ ಇದ್ದವು.

ಆ ಡಬ್ಬಿ ಅವನಿಗೆ ಚೆನ್ನಾಗಿ ಗೊತ್ತು. ತಂದವನು ಅವನೇ.

ಇಪ್ಪತ್ತಮೂರು ವರ್ಷದ ಹಿಂದೆ, ಬೇಟೆ ಶುರುವಾಗುವ ಹಿಂದಿನ ದಿನ ಹಿಮ ಬೀಳುತ್ತಿತ್ತು. ವೆಸ್ಲಿ ಪೇಟೆಗೆ ಹೊರಟಾಗ ಲಿರಾಯ್ ಇಪ್ಪತ್ತು ಡಾಲರ್ ಕೊಟ್ಟು, ಜಿಂಕೆಗೆ ಆಗುವಂಥ ತೋಟೆ ತಾ ಎಂದಿದ್ದ. ಅಂಗಡಿಯಲ್ಲಿ ಆ ಕೋವಿಗೆ ಎರಡು ತರಹದ್ದಿತ್ತು. ಒಂದು ಹದಿನೆಂಟು, ಒಂದು ಎಂಟು. “ಅಗ್ಗದ್ದು ನರಿಗೆ,” ಅಂದಿದ್ದ ಅಂಗಡಿಯವನು. “ಮೂಳೆ ತಾಗಿದ್ರೆ ಮೇಲೇ ಪುಡಿಯಾಗ್ತದೆ. ಜಿಂಕೆಗಾದ್ರೆ ಇದು, ಒಳಗೆ ಇಳೀತದೆ.” ಎರಡರ ಗುಂಡೂ ಸೀಸವೇ ತಾನೆ ಎಂದು ವೆಸ್ಲಿ ಅಗ್ಗದ್ದೇ ಎತ್ತಿಕೊಂಡ. ಎರಡು ಡಾಲರ್ ಚಿಲ್ಲರೆ ಲಿರಾಯ್‌ಗೆಂದು ತೆಗೆದಿಟ್ಟು, ಉಳಿದ ಹತ್ತು ಡಾಲರಿಗೆ ಮಾಂಸ, ಆಲೂಗಡ್ಡೆ ತುಂಬಿದ ಎರಡು ದೊಡ್ಡ ಕಡುಬು ಕೊಂಡು ಗಾಡಿಯಲ್ಲೇ ಕೂತು ತಿಂದ. ಹಸಿವಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಲಿರಾಯ್ ಒಂದು ಒಳ್ಳೆಯ ಗಂಡು ಜಿಂಕೆಗೆ ಹೊಡೆದ. ಹಿಮದ ಮೇಲೆ ಸ್ವಲ್ಪ ಕೂದಲು, ಸ್ವಲ್ಪ ರಕ್ತ. ಎಲ್ಲರೂ ಸಂಜೆವರೆಗೆ ಜೌಗಿನಲ್ಲಿ ಹುಡುಕಿದರು. ನಾಲ್ಕು ದಿನದ ಮೇಲೆ ಕಾಗೆಗಳು ತೋರಿಸಿಕೊಟ್ಟವು. ಭುಜದ ಮೂಳೆಯ ಮೇಲೆ ಬಟ್ಟಲಷ್ಟಗಲ ಗಾಯ, ಒಳಗೆ ಏನೂ ಇಳಿದಿರಲಿಲ್ಲ. ಜಿಂಕೆ ಕಳೆದುಕೊಂಡವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಕ್ಯಾಂಪಿನ ಪದ್ಧತಿ. ಗೋಡೆಯ ತುಂಬ ಅಂಥ ತುಂಡುಗಳಿದ್ದವು, ನಕ್ಕು ಮರೆಯುವ ವಿಷಯ. ಆದರೆ ವೆಸ್ಲಿ ಅಷ್ಟಕ್ಕೇ ಬಿಡಲಿಲ್ಲ. ಹಲಗೆ ಬರೆದು, ಎಲ್ಲರ ಎದುರು ಗಟ್ಟಿಯಾಗಿ ಓದಿ, ತಂಗಿಯ ಗಂಡನ ಕೋವಿಯ ಬಾಯಿಗೆ ಪೆನ್ಸಿಲ್ ಇಟ್ಟು ತೋರಿಸಿದ. ಲಿರಾಯ್ ಅಂದು ತನ್ನ ತಟ್ಟೆ ತೊಳೆದಿಟ್ಟು ಮನೆಗೆ ಹೋದವನು ಮತ್ತೆ ಕ್ಯಾಂಪಿಗೆ ಬರಲಿಲ್ಲ. ದೊಡ್ಡ ಕೋವಿ ಕೊಳ್ಳಲೂ ಇಲ್ಲ. ಬರುವ ಮಾರ್ಚಿಗೆ ನಾಲ್ಕು ವರ್ಷವಾಗುತ್ತದೆ, ಹಿಮ ಸರಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತು ಹೋಗಿಬಿಟ್ಟ.

ಅಂಗಡಿಯವನ ಮಾತು ಹಲಗೆ ಬರೆಯುವಾಗ ವೆಸ್ಲಿಗೆ ನೆನಪಿತ್ತೋ ಇಲ್ಲವೋ. ಇಲ್ಲ ಎಂದು ಬಹಳ ವರ್ಷ ತನಗೇ ಹೇಳಿಕೊಂಡಿದ್ದ. ಈಗ ಡಬ್ಬಿ ಕೈಯಲ್ಲಿರುವಾಗ ಹಾಗೆ ಹೇಳಲು ಬಾಯಿ ಬರಲಿಲ್ಲ.

“ಏನದು?” ಐಲಾ ಕೇಳಿದಳು.

“ಹಳೆ ತೋಟೆ. ಬಿಸಾಕ್ತೀನಿ,” ಎಂದು ಜೇಬಿಗೆ ಹಾಕಿಕೊಂಡ.

ಕ್ಯಾಂಪಿನಲ್ಲಿ ಈ ಸಲ ಇದ್ದವರು ಇಬ್ಬರೇ, ವೆಸ್ಲಿ ಮತ್ತು ಅವನ ಚಿಕ್ಕಪ್ಪನ ಮಗ ಗ್ಲೆನ್. ಗ್ಲೆನ್‌ಗೆ ಮೊಣಕಾಲು ಕೆಟ್ಟಿದೆ, ಬಾಯಿ ಗಟ್ಟಿಯಿದೆ. ಚೀಲದಿಂದ ಕೋವಿ ಹೊರಬಂದದ್ದೇ ಅವನು ಎದ್ದು ಪೆನ್ಸಿಲ್ ಬಿಚ್ಚಿಕೊಂಡು ಬಂದ. ಖಾಲಿ ಕೋವಿಯ ನಳಿಗೆಗೆ ಇಟ್ಟು ನೋಡಿದ. ಪೆನ್ಸಿಲ್ ಇಳಿಯಲಿಲ್ಲ.

“ಹೋಗ್ತಿಲ್ವಲ್ಲೋ ಮುದುಕಾ.”

“ಕಾಣ್ತಿದೆ.”

“ಕಾಯ್ದೆ ಬರ್ದೋನು ಯಾರು? ಅಕ್ಷರ ನೋಡಿದ್ರೆ ಯಾರೋ ಭಾರೀ ಬುದ್ಧಿವಂತ ಇರ್ಬೇಕು.”

“ಸಾಕು ಬಿಡೋ.”

“ಬಾಗ್ಲು ದಾಟಬಾರ್ದು ಅಂತಿದೆ. ನಾನು ಕಾನೂನು ಮೀರೋನಲ್ಲಪ್ಪ.”

“ಕೋವಿ ಗಾಡಿಯಲ್ಲೇ ಮಲಗ್ಲಿ. ನಾನು ಒಳಗೆ ಮಲಗ್ತೀನಿ. ನನ್ನ ಬಾಯಿಗೆ ಪೆನ್ಸಿಲ್ ಹೋಗ್ತದೆ, ಬೇಕಾದ್ರೆ ನೋಡ್ಕೊ.”

ಗ್ಲೆನ್ ಕೆಮ್ಮು ಬರುವಷ್ಟು ನಕ್ಕ. ಕೋವಿ ನಿಜವಾಗಿಯೂ ಗಾಡಿಯಲ್ಲೇ ಮಲಗಿತು.

ಈ ಸಲ ವೆಸ್ಲಿ ಮೂವತ್ತೆರಡು ಡಾಲರಿನ ತೋಟೆಯನ್ನೇ ತಂದಿದ್ದ, ಒಳಗೆ ಇಳಿಯುವಂಥದ್ದು. ಹಿಂದಿನ ವಾರ ಹೊಲದಲ್ಲಿ ಡಬ್ಬಕ್ಕೆ ಆರು ಹೊಡೆದು ನೋಡಿದ್ದ. ಭುಜಕ್ಕೆ ಯಾರೋ ಬೆರಳಲ್ಲಿ ತಟ್ಟಿದ ಹಾಗಾಯಿತು, ಅಷ್ಟೇ. ಗುಂಡುಗಳೆಲ್ಲ ಒಂದು ಅಂಗೈಯಗಲದಲ್ಲಿ ಬಿದ್ದಿದ್ದವು. ದೊಡ್ಡ ಕೋವಿಯಲ್ಲಿ ಅವನು ಇಷ್ಟು ಚೆನ್ನಾಗಿ ಹೊಡೆದು ಹತ್ತು ವರ್ಷವಾಗಿರಬೇಕು. ಒದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತಿದ್ದನೆಂದು ಅವನಿಗೆ ಅಂದು ಗೊತ್ತಾಯಿತು.

ಮೊದಲ ಬೆಳಿಗ್ಗೆ ಜಿಂಕೆಗೆ ಹೊಂಚಲು ಎತ್ತರದಲ್ಲಿ ಕಟ್ಟಿದ ಹಲಗೆ ಗೂಡಿನಲ್ಲಿ ಎರಡು ಗಂಟೆ ಕೂತ. ಸೊಂಟ ನೋಯುತ್ತಿತ್ತು, ಹಸ್ತಕವಚದೊಳಗೆ ಬೆರಳು ಮರದಂತಾಗಿತ್ತು. ಎಂಟು ಗಂಟೆಗೆ ಸೀಡರ್ ಮರಗಳ ನಡುವಿನಿಂದ ಎಂಟು ಕವಲಿನ ಕೋಡಿನ ಗಂಡೊಂದು ಬಂದು ಎಪ್ಪತ್ತು ಗಜದಲ್ಲಿ ನಿಂತಿತು, ನೇರ ಅವನತ್ತ ಮುಖ ಮಾಡಿ. ದೊಡ್ಡ ಕೋವಿಯಾಗಿದ್ದರೆ ಎದೆಗೇ ಇಟ್ಟು ಎಳೆದುಬಿಡುತ್ತಿದ್ದ. ಸಣ್ಣದಕ್ಕೆ ಆ ಹಕ್ಕಿಲ್ಲ. ಅದು ಅಡ್ಡ ತಿರುಗಬೇಕು, ಮುಂಗಾಲಿನ ಹಿಂದೆ ಒಂದು ಅಂಗೈ ಜಾಗ ಸಿಗಬೇಕು, ಆಗ ಒಳಗಿನ ಶ್ವಾಸಕೋಶಕ್ಕೆ ದಾರಿ. ಮೂಳೆ ತಪ್ಪಿಸಬೇಕು. ವೆಸ್ಲಿ ಕಾದ. ಜಿಂಕೆ ಕಿವಿ ಅಲ್ಲಾಡಿಸಿತು, ಮೂಸಿತು, ಬಂದ ಹಾಗೇ ಹಿಂದಕ್ಕೆ ತಿರುಗಿ ಹಿಂಭಾಗ ತೋರಿಸಿ ಮರಗಳಲ್ಲಿ ಕಲೆತುಹೋಯಿತು.

“ಎಂಟು ಕವಲು! ಬಿಟ್ಬಿಟ್ಯಾ?” ಗ್ಲೆನ್ ಮಧ್ಯಾಹ್ನ ಸಾರು ಕುಡಿಯುತ್ತ ನಂಬಲಿಲ್ಲ. “ನಿಂಗೆ ಭುಜ ಕುಯ್ದ್ರೋ ತಲೆ ಕುಯ್ದ್ರೋ?”

“ಅಡ್ಡ ನಿಲ್ಲಲಿಲ್ಲ.”

“ಅರ್ಜಿ ಕೊಡ್ಬೇಕಿತ್ತು.”

ಎರಡನೆಯ ದಿನ ಏನೂ ಬರಲಿಲ್ಲ. ಮೂರನೆಯ ದಿನ ಒಂದು ಹೆಣ್ಣು, ಅದಕ್ಕೆ ಅವನಲ್ಲಿ ಪರವಾನಗಿ ಇರಲಿಲ್ಲ. ಈ ಕಾಯುವ ಕೆಲಸ ಅವನಿಗೆ ಹೊಸದು. ಲಿರಾಯ್ ಹೀಗೆಯೇ ಕೂರುತ್ತಿದ್ದ, ಕಲ್ಲಿನ ಹಾಗೆ, ನಗುವುದೂ ಇಲ್ಲ ಕೊರಗುವುದೂ ಇಲ್ಲ. ಅವನನ್ನು ಎಲ್ಲರೂ ನಿಧಾನ ಎನ್ನುತ್ತಿದ್ದರು. ಆ ಒಂದು ಬೆಳಿಗ್ಗೆ ಅವನ ಗುಂಡು ಎರಡು ಬೆರಳು ಮುಂದೆ ಬಿದ್ದು ಮೂಳೆಗೆ ತಾಗಿತ್ತು. ಎರಡು ಬೆರಳಿನ ತಪ್ಪು ಯಾರಿಗೂ ಆಗುತ್ತದೆ. ಒಳ್ಳೆಯ ಗುಂಡಾಗಿದ್ದರೆ ಮೂಳೆ ಮುರಿದು ಒಳಗೆ ಹೋಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಎರಡು ಕವಲಿನ ಎಳೆಯ ಗಂಡೊಂದು ಅಡ್ಡವಾಗಿ ನಿಂತು ಎಲೆ ಕಿತ್ತಿತು. ವೆಸ್ಲಿ ಉಸಿರು ಬಿಟ್ಟು ಹೊಡೆದ. ಜಿಂಕೆ ಒಮ್ಮೆ ಜಿಗಿದು ಓಡಿತು. ಕಾಲು ಗಂಟೆ ಕೂತಲ್ಲೇ ಕೂತು, ಆಮೇಲೆ ಇಳಿದು ಹೆಜ್ಜೆ ಎಣಿಸುತ್ತ ಹೋದ. ಹಿಮದ ಮೇಲೆ ನೊರೆ ನೊರೆ ರಕ್ತ. ಅರವತ್ತೆರಡನೆಯ ಹೆಜ್ಜೆಗೆ ಜಿಂಕೆ ಮಲಗಿತ್ತು, ಜೀವ ಹೋಗಿತ್ತು. ಅವನಿಗೆ ಖುಷಿಯಾಗಬೇಕಿತ್ತು. ಪಕ್ಕದ ಬಿದ್ದ ಮರದ ಮೇಲೆ ಕೂತುಬಿಟ್ಟ, ಬಹಳ ದೂರ ನಡೆದು ಬಂದವನ ಹಾಗೆ.

ಜಿಂಕೆಯನ್ನು ಕಂಬಕ್ಕೆ ಏರಿಸಿದ ಮೇಲೆ ವೆಸ್ಲಿ ಹಳೆಯ ಡಬ್ಬಿಯನ್ನು ಗ್ಲೆನ್‌ನ ಮುಂದಿಟ್ಟು, ಹತ್ತು ಡಾಲರಿನ ಕತೆಯನ್ನು ಕಡುಬಿನ ಸಮೇತ ಹೇಳಿದ. ಗ್ಲೆನ್ ಡಬ್ಬಿಯ ಮೇಲಿನ ಬೆಲೆ ಚೀಟಿ ಓದಿದ. ಒಂದು ತೋಟೆ ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ.

“ಕತ್ತರಿ ತಾ,” ಅಂದ ವೆಸ್ಲಿ.

“ಹೊಸ ಅಂಗಿ ಅಲ್ವೇನೋ ಅದು?”

“ತಾ ಅಂದ್ನಲ್ಲ.”

ಗ್ಲೆನ್ ಅಂಗಿಯ ಹಿಂದಿನ ಅಂಚು ಕತ್ತರಿಸಿ ಮೊಳೆ ಹೊಡೆದ. ವೆಸ್ಲಿ ಲಿರಾಯ್‌ನ ಕೆಂಪು ಚೌಕಳಿಯ ತುಂಡನ್ನು ಗೋಡೆಯಿಂದ ಕಿತ್ತು ಜೇಬಿಗಿಟ್ಟುಕೊಂಡ. ಹಲಗೆಯನ್ನು ಒಲೆಗೆ ಹಾಕಲು ಇಳಿಸಿದರು, ಆದರೆ ಅದು ಒಲೆಗಿಂತ ಉದ್ದವಿತ್ತು, ಕುಯ್ಯಲು ಇಬ್ಬರಿಗೂ ಶಕ್ತಿಯಿರಲಿಲ್ಲ. ಬಾಗಿಲ ಹೊರಗೆ ಬೂಟಿನ ಹಿಮ ಕೊಡವಲು ಮಗುಚಿ ಹಾಕಿದರು.

ಅರ್ಧ ಮಾಂಸ ಐಲಾಳ ಮನೆಗೆ ಹೋಯಿತು. ವೆಸ್ಲಿ ಮೇಜಿನ ಮೇಲೆ ಡಬ್ಬಿಯನ್ನೂ ಬಟ್ಟೆಯ ತುಂಡನ್ನೂ ಇಟ್ಟು, ಗ್ಲೆನ್‌ಗೆ ಹೇಳಿದ್ದನ್ನೇ ಮತ್ತೆ ಹೇಳಿದ. ಎರಡನೆಯ ಸಲಕ್ಕೆ ಸುಲಭವಾಗುತ್ತದೆಂದುಕೊಂಡಿದ್ದ, ಆಗಲಿಲ್ಲ.

ಐಲಾ ಮಾಂಸವನ್ನು ಕಾಗದದಲ್ಲಿ ಸುತ್ತುತ್ತಲೇ ಇದ್ದಳು. “ಅವ್ನಿಗೆ ಗೊತ್ತಿತ್ತು,” ಅಂದಳು.

“ಏನು?”

“ಹೊಡಿಯೋಕೆ ಮುಂಚೆ ಕತ್ತಲಲ್ಲಿ ತುಂಬಿದ್ನಂತೆ, ಡಬ್ಬಿ ಓದಿರ್ಲಿಲ್ಲ. ಮನೆಗೆ ಬಂದ್ಮೇಲೆ ಇದೇ ಮೇಜಿನ ಹತ್ರ ಕೂತು ಓದ್ದ. ಹೋಗಿ ಕೇಳು ಅಂದೆ. ನಿಮ್ಮಣ್ಣ ಹಿಮದಲ್ಲಿ ನಲವತ್ತು ಮೈಲಿ ಹೋಗಿ ತಂದಿದ್ದು, ತಿಳೀದೆ ತಂದಿರ್ತಾನೆ, ಬಿಡು ಅಂದ. ತಿಳಿದಾಗ ಅವ್ನೇ ಬರ್ತಾನೆ ಅಂದ.”

ವೆಸ್ಲಿ ಡಬ್ಬಿಯ ಮುಚ್ಚಳ ಮುಚ್ಚಿದ.

“ಪ್ರತಿ ನವೆಂಬರ್ ಹದಿನಾಲ್ಕಕ್ಕೆ ನೀನು ಕರೀತೀಯ ಅಂತ ಚೀಲ ಕಟ್ಟಿಡ್ತಿದ್ದ, ಆಮೇಲೆ ಬಿಚ್ತಿದ್ದ,” ಅಂದಳು ಐಲಾ. ಬಟ್ಟೆಯ ತುಂಡನ್ನು ಎತ್ತಿ ಬೆಳಕಿಗೆ ಹಿಡಿದಳು. “ಇದ್ರ ಅಂಗಿ ಯಾವತ್ತೋ ಕಾಲೊರಸು ಆಯ್ತು. ಇದನ್ನಿಟ್ಕೊಂಡು ನಾನೇನ್ ಮಾಡ್ಲಿ?” ಅಂದರೂ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ಕೂತ್ಕೊ. ಕಾಫಿ ಆರಿದೆ, ಬಿಸಿ ಮಾಡ್ತೀನಿ.”

ಆ ವರ್ಷ ದಕ್ಕಿದ್ದು ನಲವತ್ತೊಂದು ಪೌಂಡ್ ಮಾಂಸ, ಒಂದೇ ಗುಂಡಿಗೆ, ಪೆನ್ಸಿಲ್ ತೂರದ ಕೋವಿಯಿಂದ. ಹಿಂದೊಮ್ಮೆ ಉಳಿದದ್ದು ಹತ್ತು ಡಾಲರ್. ಹೋದದ್ದು ಲಿರಾಯ್ ಕಟ್ಟಿಟ್ಟು ಬಿಚ್ಚಿದ ಹತ್ತೊಂಬತ್ತು ಚೀಲ.