ಹಾಲಿಜಾಳ ಎರಡು ಚಾಪೆ

ತೆರ್ನಾತೆ ದ್ವೀಪದಲ್ಲಿ ಲವಂಗದ ಸುಗ್ಗಿ ಬಂತೆಂದರೆ ಚಾಪೆ ಹಾಸಿ ಒಣಗಿಸಲು ರಸ್ತೆಯೇ ಕಣ. ಮನೆಯೆದುರಿನ ಅರ್ಧ ರಸ್ತೆ ಮನೆಯವರದು, ಉಳಿದರ್ಧ ಗಾಡಿಗಳದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಆ ಗುರುವಾರ ಬೆಳಿಗ್ಗೆ ಕೇರಿಯ ಮುಖ್ಯಸ್ಥ ಹಮ್ಜಾ ಹೊಸ ಬಾಟಿಕ್ ಅಂಗಿ ತೊಟ್ಟು ಮನೆಮನೆಗೂ ಬಂದ. ಹಾಲೆಂಡಿನ ಅತಿಥಿಗಳು ಹಳೆಯ ವ್ಯಾಪಾರದ ಊರುಗಳನ್ನೆಲ್ಲ ನೋಡುತ್ತ ಬರುತ್ತಿದ್ದಾರೆ, ದೊಡ್ಡ ಬಸ್ಸು, ಮಧ್ಯಾಹ್ನದೊಳಗೆ ರಸ್ತೆ ಪೂರ್ತಿ ಖಾಲಿಯಾಗಬೇಕು ಎಂದ. ಚಾಪೆಗಳೆಲ್ಲ ಸುತ್ತಿಕೊಂಡು ಒಳಸೇರಿದವು. ಹಾಲಿಜಾಳ ಎರಡು ಚಾಪೆ ಮಾತ್ರ ಕದಲಲಿಲ್ಲ.

ಅವಳ ಮರಗಳು ಹೀಗೆ ಬಿಟ್ಟಿದ್ದು ನಾಲ್ಕು ವರ್ಷದ ಮೇಲೆ. ಗಂಡನಿಲ್ಲದ ಹೆಂಗಸು, ಐವತ್ತೆಂಟರ ವಯಸ್ಸಿನಲ್ಲಿ ತಾನೇ ಬಿದಿರೇಣಿ ಹತ್ತಿ ಕೊಯ್ದಿದ್ದಳು. ಇನ್ನೊಂದು ಮಧ್ಯಾಹ್ನದ ಬಿಸಿಲು ಸಿಕ್ಕರೆ ಲವಂಗ ಪಟ್ಟೆಂದು ಮುರಿಯುವಷ್ಟು ಒಣಗುತ್ತದೆ, ಸೋರುವ ಮನೆಗೆ ಹೊಸ ತಗಡು ಬರುತ್ತದೆ. ಹಸಿ ಇರುವಾಗಲೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೈಗೆ ಬಂದ ತುತ್ತು ಬಾಯಿಗಿಲ್ಲ.

“ಎತ್ತಕ್ಕಾ. ಕೇರಿ ಮರ್ಯಾದೆ ಪ್ರಶ್ನೆ,” ಎಂದ ಹಮ್ಜಾ.

“ನೀನು ಚಡ್ಡಿ ಇಲ್ದೆ ಇದೇ ರಸ್ತೇಲಿ ಓಡಾಡ್ತಿದ್ದಾಗ ಹೋಗದ ಮರ್ಯಾದೆ, ನನ್ನ ಲವಂಗದಿಂದ ಹೋಗುತ್ತೇನೋ?”

ಪಕ್ಕದ ಜಗಲಿಯಲ್ಲಿ ನಗೆಯೆದ್ದಿತು. ಹಮ್ಜಾನ ಕಿವಿ ಕೆಂಪಾಯಿತು. “ಆಳುಗಳನ್ನ ಕರೆಸಿ ಎತ್ತಿಸ್ತೀನಿ, ನೋಡ್ತಿರು!”

“ಕರೆಸು. ಹಿಂದೆ ಇದೇ ಹಾಲೆಂಡಿನ ಡಚ್ಚರು ಬಂದು ನಮ್ಮ ಹಿರೀಕರ ಲವಂಗದ ಮರಾನೆಲ್ಲ ಕಡಿಸಿದ್ರು. ಇವತ್ತು ಅವರು ಕೇಳದೇ ಇದ್ರೂ ನೀನೇ ಚಾಪೆ ಎತ್ತಿಸ್ತೀಯಾ? ಬಸ್ಸು ನಿಲ್ಲಲಿ ಬಿಡು. ಅವರಿಗೂ ಕಾಲಿವೆ.”

ಹಾಗೆಂದವಳೇ ಕುರ್ಚಿ ತಂದು ಚಾಪೆಗಳ ನಡುವೆ ಕೂತಳು. ಹೆದರಿಕೆಯೇನೋ ಇತ್ತು. ಆದರೂ ಏಳಲಿಲ್ಲ. ಬಂದ ಆಳುಗಳು ತಾಯಿಯ ವಯಸ್ಸಿನವಳನ್ನು ಎತ್ತುವ ಧೈರ್ಯ ಸಾಲದೆ ಸಿಗರೇಟು ಹಚ್ಚಿಕೊಂಡು ದೂರ ನಿಂತರು.

ಎರಡು ಗಂಟೆಗೆ ಬಸ್ಸು ಬಂದು ಕುರ್ಚಿಯ ಮುಂದೆ ನಿಂತಿತು. ಬೆಳ್ಳಿಕೂದಲಿನ ಅತಿಥಿಯೊಬ್ಬಳು ಇಳಿದು, ಚಾಪೆಯ ಬಳಿ ಕುಕ್ಕರಗಾಲಲ್ಲಿ ಕೂತು, ಏನೋ ಕೇಳಿದಳು. ಜೊತೆಗಿದ್ದ ಗೈಡು ಹಮ್ಜಾನ ಕಡೆ ತಿರುಗಿದ.

“ಲವಂಗ ಒಣಗ್ಸೋದನ್ನ ನೋಡೋಕೇ ಅಂತ ಇಷ್ಟು ದೂರ ಬಂದ್ರಂತೆ ಸಾರ್. ಇದು ಬಿಟ್ರೆ ಕೇರಿ ತುಂಬ ಒಂದೂ ಚಾಪೆ ಕಾಣ್ಲಿಲ್ವಲ್ಲ, ಯಾಕೆ ಅಂತಾರೆ.”

ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ. ಹಮ್ಜಾನ ಕಥೆಯೂ ಅದೇ ಆಯಿತು. ಅಕ್ಕಪಕ್ಕದವರು ಗಡಿಬಿಡಿಯಲ್ಲಿ ಚಾಪೆ ಹೊತ್ತು ತಂದರು, ಆದರೆ ಕಳೆದುಹೋದ ಬಿಸಿಲನ್ನು ಯಾರು ತರುತ್ತಾರೆ?

ಹಾಲಿಜಾ ಗೋರುಮಣೆಯನ್ನು ಹಮ್ಜಾನ ಕೈಗಿತ್ತಳು. “ಹೆಂಗೆ ಮಗುಚೋದು ಅಂತ ಅವರಿಗೆ ತೋರ್ಸಪ್ಪ. ಅಂಗಿ ಜೋಪಾನ.”

ಅವನು ತಲೆ ತಗ್ಗಿಸಿ ಮಗುಚಿದ. ಸಂಜೆ ಅವಳು ಒಂದು ಲವಂಗ ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಪಟ್ಟೆಂದು ಮುರಿಯಿತು.